ಸೌಂಡ್ ತೆಗೆದು ನೋಡಿದ ಚರ್ಚೆ

ಟಿ.ವಿ.ಯ ರಿಮೋಟಿನಲ್ಲಿ ಅತ್ಯಂತ ಉಪಯುಕ್ತವಾದ ಗುಂಡಿ ಯಾವುದೆಂದು ನನ್ನನ್ನು ಕೇಳಿದರೆ, ಸೌಂಡ್ ಬಂದ್ ಮಾಡುವ ಗುಂಡಿ ಎನ್ನುತ್ತೇನೆ. ಈ ಮಾತಿಗೆ ನನ್ನ ಹೆಂಡತಿ ವಸಂತಿ ಒಂದು ತರಹ ನಗುತ್ತಾಳೆ. ಆ ನಗುವಿಗೆ ಕಾರಣ ಆಮೇಲೆ ಬರುತ್ತದೆ. ದೋಹಾಕ್ಕೆ ಬಂದ ಹೊಸದರಲ್ಲಿ ನನಗೆ ಅರಬ್ಬಿಯ ಗಂಧವೂ ಇರಲಿಲ್ಲ. ಬಾಯಲ್ಲಿದ್ದದ್ದು ಊರಿನ ತುಳು, ಶಾಲೆಯ ಕನ್ನಡ, ಪಕ್ಕದ ಮಂಚದವನಿಂದ ಕಲಿತ ಒಂದಿಷ್ಟು ಮಲಯಾಳ. ಆದರೆ ಹಿಡಿದ ಕೆಲಸ ವ್ಯಾಪಾರದ್ದು. ಕಂಪೆನಿಗಳು ಆಫೀಸು ಬದಲಾಯಿಸುವಾಗ ಬಿಟ್ಟುಹೋಗುವ ಮೇಜು, ಕುರ್ಚಿ, ಕಪಾಟುಗಳನ್ನು ಕೊಂಡು, ಹೊಸದಾಗಿ ಆಫೀಸು ತೆರೆಯುವವರಿಗೆ ಮಾರುವುದು. ಎದುರಿನವನು ಏನು ಹೇಳುತ್ತಿದ್ದಾನೆಂದೇ ತಿಳಿಯದೆ ಚೌಕಾಸಿ ಮಾಡಬೇಕಾಗಿ ಬಂದಾಗ ಕಣ್ಣು ತಾನಾಗಿಯೇ ಕೆಲಸ ಕಲಿಯುತ್ತದೆ. ಬಾಯಿ ‘ಖಲಾಸ್, ಇದಕ್ಕಿಂತ ಕಡಿಮೆಗೆ ಇಲ್ಲ’ ಎನ್ನುತ್ತಿರುವಾಗ ಕಣ್ಣು ಬಾಗಿಲ ಕಡೆ ಹೋದರೆ, ಸಾಮಾನು ಇವತ್ತೇ ಹೊರಗೆ ಹೋಗಬೇಕಾಗಿದೆ ಎಂದು ಅರ್ಥ. ಮೇಜನ್ನು ವಿಪರೀತ ಹೊಗಳಿದರೆ ಅದರ ಒಂದು ಡ್ರಾಯರು ತೆರೆಯುವುದಿಲ್ಲ ಎಂದು ಅರ್ಥ. ಆಮೇಲೆ ಅರಬ್ಬಿಯೂ ಬಂತು, ಹಿಂದಿಯೂ ಬಂತು. ನಿಜ ಹೇಳಬೇಕೆಂದರೆ ಅವು ಬಂದಮೇಲೆಯೇ ನಾನು ಒಂದೆರಡು ಸಲ ಮೋಸ ಹೋದದ್ದು.

ಇಷ್ಟೆಲ್ಲ ಪೀಠಿಕೆ ಅಮೆರಿಕದ ಚುನಾವಣೆಗಾಗಿ. ಆ ವರ್ಷ ಅಲ್ಲಿ ಹೊಸ ಅಧ್ಯಕ್ಷರ ಆಯ್ಕೆ. ಅವರದು ವಿಚಿತ್ರ ಪದ್ಧತಿ: ಚುನಾವಣೆಗೆ ಮುಂಚೆ ಇನ್ನೊಂದು ಚುನಾವಣೆ. ಒಂದೇ ಪಕ್ಷದವರು ತಮ್ಮ ತಮ್ಮೊಳಗೇ ಸಾಲಾಗಿ ನಿಂತು, ಪಕ್ಷಕ್ಕೆ ತಾನೇ ಯಾಕೆ ತಕ್ಕವನು ಎಂದು ಟಿ.ವಿ.ಯಲ್ಲಿ ವಾದ ಮಾಡಬೇಕು. ನಮ್ಮಲ್ಲಿ ಟಿಕೆಟ್ಟಿನ ವಿಚಾರ ಬಾಗಿಲು ಹಾಕಿಕೊಂಡು ತೀರ್ಮಾನವಾಗುವಂಥದ್ದು. ಅವರು ಬಾಗಿಲು ತೆಗೆದು, ದೀಪ ಹಾಕಿ, ಮುಖಕ್ಕೆ ಪೌಡರ್ ಬಳಿದುಕೊಂಡು ಜಗಳವಾಡುತ್ತಾರೆ. ಅಲ್ಲಿನ ಗುರುವಾರ ಸಂಜೆಯ ಚರ್ಚೆಯನ್ನು ಇಂಗ್ಲಿಷ್ ಚಾನೆಲ್ಲಿನವರು ನಮ್ಮ ಶುಕ್ರವಾರ ಮಧ್ಯಾಹ್ನ ಮತ್ತೆ ತೋರಿಸುತ್ತಿದ್ದರು. ಶುಕ್ರವಾರ ರಜೆ. ಅಲ್ ಸದ್ದ್‌ನ ನಮ್ಮ ಫ್ಲ್ಯಾಟಿಗೆ ಇಬ್ಬರು ಸ್ನೇಹಿತರು ಊಟಕ್ಕೆ ಬರುವುದು ರೂಢಿ. ಒಬ್ಬರು ದುಖಾನ್‌ನ ತೈಲ ಕಂಪೆನಿಯಲ್ಲಿರುವ ಭಾಸ್ಕರಣ್ಣ. ವಸಂತಿ ಮಾಡುವ ಬಂಗುಡೆ ಮೀನಿನ ಹುಳಿಖಾರದ ಸಾರು, ನಮ್ಮ ಪುಳಿಮುಂಚಿಗಾಗಿ ಮರುಭೂಮಿಯ ಅಷ್ಟುದ್ದದ ರಸ್ತೆಯಲ್ಲಿ ಕಾರು ಓಡಿಸಿಕೊಂಡು ಬರುವವರು. ಇನ್ನೊಬ್ಬರು ಶಿಪ್ಪಿಂಗ್ ಆಫೀಸಿನ ಗಿಲ್ಬರ್ಟ್. ಉಡುಪಿ ಕಡೆಯ ಕ್ರೈಸ್ತರನ್ನು ನಾವು ಊರಲ್ಲಿ ಕರೆಯುವಂತೆ ನಾನು ಅವರನ್ನು ‘ಪೊರ್ಬುಗಳೇ’ ಎಂದೇ ಕರೆಯುವುದು.

ಅಮೆರಿಕದ ಜಗಳ ನಿಮಗ್ಯಾಕೆ ಎಂದು ವಸಂತಿ ಕೇಳಿದ್ದುಂಟು. ನ್ಯಾಯವಾದ ಪ್ರಶ್ನೆ. ಯೋಚಿಸಿ ನೋಡಿದರೆ ನಮಗೆ ಮೂವರಿಗೂ ಎಲ್ಲಿಯೂ ಓಟಿಲ್ಲ. ಅಮೆರಿಕದಲ್ಲಿ ಇಲ್ಲ, ಅದು ಬಿಡಿ. ಕತಾರಿನಲ್ಲಿ ನಾವು ವೀಸಾದ ಮೇಲೆ ಇರುವವರು. ಊರಿನ ಮತದಾರರ ಪಟ್ಟಿಯಿಂದ ಹೆಸರು ಅಳಿಸಿ ಎಷ್ಟೋ ಕಾಲವಾಯಿತು. ಇಷ್ಟು ವರ್ಷ ದುಡಿದು, ಎರಡು ದೇಶಗಳಿಗೆ ಬೇಕಾದವರಾಗಿ, ಒಂದು ಕಡೆಯೂ ‘ಇವನು ಬೇಡ’ ಎನ್ನುವ ಹಕ್ಕಿಲ್ಲ. ಆದರೆ ಅಲ್ಲಿ ಯಾರು ಗೆಲ್ಲುತ್ತಾರೆ ಎಂಬುದರ ಮೇಲೆ ನಮ್ಮ ಪಕ್ಕದ ಕಡಲಲ್ಲಿ ಯುದ್ಧ ಆಗುತ್ತದೋ ಇಲ್ಲವೋ, ದೋಹಾದಲ್ಲಿ ಹೊಸ ಆಫೀಸು ಏಳುತ್ತದೋ ಇದ್ದದ್ದು ಮುಚ್ಚುತ್ತದೋ ತೀರ್ಮಾನವಾಗುತ್ತದೆ. ಮುಚ್ಚಿದರೆ ನನಗೆ ಮೇಜು ಸಿಗುತ್ತದೆ, ಎದ್ದರೆ ಮೇಜು ಮಾರಾಟವಾಗುತ್ತದೆ. ಹೀಗಾಗಿ ನಾನು ಯಾವ ಪಕ್ಷದವನೂ ಅಲ್ಲದ, ನಂಬಲರ್ಹ ತೀರ್ಪುಗಾರ ಎಂದು ನನ್ನ ಭಾವನೆಯಾಗಿತ್ತು.

ಅವರ ಇಂಗ್ಲಿಷು ವೇಗದ್ದು. ಗಿಲ್ಬರ್ಟರಿಗೆ ಮಾತ್ರ ಪೂರ್ತಿ ಅರ್ಥವಾಗುತ್ತಿತ್ತು. ನಾನು ಸೌಂಡ್ ತೆಗೆದುಬಿಡುತ್ತಿದ್ದೆ. ‘ಶೆಟ್ರೇ, ಆಗ ಚರ್ಚೆ ಎಂತದಕ್ಕೆ?’ ಎಂದು ಅವರು ಮೊದಲ ವಾರ ಗೊಣಗಿದರು. ನಾನು ವಿವರಿಸಿದೆ: ಆ ಕೆಂಪು ಟೈಯವನನ್ನು ನೋಡಿ, ಪ್ರಶ್ನೆ ಮುಗಿಯುವ ಮೊದಲೇ ತಲೆ ಆಡಿಸುತ್ತಾನೆ, ಗಿರಾಕಿಗೆ ಏನು ಬೇಕೆಂದು ಕೇಳದೆ ಕುರ್ಚಿ ತೋರಿಸುವವನು. ತುದಿಯಲ್ಲಿರುವವನು ಪಕ್ಕದವನು ಮಾತಾಡುವಾಗಲೆಲ್ಲ ನೀರು ಕುಡಿಯುತ್ತಾನೆ, ಒಳಗೆ ಬಿಸಿಯಾಗಿದೆ. ಇನ್ನೊಬ್ಬನಿದ್ದ, ಕನ್ನಡಕದವನು. ಒಂದು ಪ್ರಶ್ನೆಗೆ ತಲೆ ತಗ್ಗಿಸಿ, ಎರಡೂ ಅಂಗೈ ತೆರೆದು ತೋರಿಸಿ, ಏನೋ ಚಿಕ್ಕದಾಗಿ ಹೇಳಿ ಸುಮ್ಮನಾದ. ಅವನಿಗೆ ನಾನು ಸೊನ್ನೆ ಕೊಟ್ಟೆ. ವ್ಯಾಪಾರದಲ್ಲಿ ಅಂಗೈ ತೋರಿಸುವುದೆಂದರೆ ಸೋತಂತೆ. ಅವನು ಹೇಳಿದ್ದು ‘ನನಗೆ ಅದು ಗೊತ್ತಿಲ್ಲ, ತಿಳಿದುಕೊಂಡು ಹೇಳುತ್ತೇನೆ’ ಎಂದು ಎಂಬುದನ್ನು ಗಿಲ್ಬರ್ಟರು ಪರದೆಯ ಕೆಳಗಿನ ಸಾಲು ಓದಿ ತಿಳಿಸಿದರು. ಚಹಾ ತಂದ ವಸಂತಿ ಅಲ್ಲೇ ನಿಂತು, ಇವನೊಬ್ಬನನ್ನು ನಂಬಬಹುದು ಎಂದಳು. ಮಾತು ತಿಳಿದರೆ ಇದೇ ತೊಂದರೆ ಎಂದೆ.

ಅದೇ ಶುಕ್ರವಾರ, ಅದೇ ಚಹಾದ ಹೊತ್ತಿಗೆ, ಅವಳು ಇನ್ನೂ ಏನೋ ಕೇಳಿದಳು. ನನ್ನ ಕಣ್ಣು ಕೆಂಪು ಟೈಯ ಮೇಲಿತ್ತು. ‘ಶೆಟ್ರೇ, ಅಕ್ಕ ಎಂತದೋ ಕೇಳ್ತಿದ್ದಾರೆ’ ಎಂದು ಗಿಲ್ಬರ್ಟರು ಮೊಣಕೈಯಲ್ಲಿ ತಿವಿದರು. ಆಯ್ತು, ಆಯ್ತು ಎಂದು ತಲೆ ಆಡಿಸಿದೆ. ಗಂಡಸರು ಹೀಗೆ ತಲೆ ಆಡಿಸಿದ್ದರಿಂದಲೇ ಎಷ್ಟೋ ಸಂಸಾರಗಳು ಇಲ್ಲಿಯ ತನಕ ಬಂದಿರುವುದು. ಹೊಸದಾಗಿ ಮದುವೆಯಾದವರಿಗೆ ನಾನು ಕೊಡುವ ಸಲಹೆಯೂ ಅದೇ ಆಗಿತ್ತು. ಈಗ ಕೊಡುವುದಿಲ್ಲ.

ಓಟಿಲ್ಲದ ನಮಗೆ ಇರುವ ಚುನಾವಣೆ ಒಂದೇ, ನಮ್ಮ ಕನ್ನಡ ಬಳಗದ್ದು. ಅದರಲ್ಲೂ ಚುನಾವಣೆ ನಡೆದದ್ದಿಲ್ಲ. ಅಧ್ಯಕ್ಷರ ಆಯ್ಕೆ ಎಂದರೆ ‘ನೀವೇ ಆಗಿ’, ‘ಛೆ, ನಾನೆಂತದು, ನೀವೇ ಆಗಿ’ ಎಂದು ಒಬ್ಬರನ್ನೊಬ್ಬರು ತಳ್ಳುತ್ತಾ ಹೋಗಿ, ಊಟಕ್ಕೆ ಹೊತ್ತಾದಾಗ ಯಾರು ಕಡಿಮೆ ಜೋರಾಗಿ ಬೇಡವೆನ್ನುತ್ತಾರೋ ಅವರು ಅವಿರೋಧವಾಗಿ ಆರಿಸಿ ಬರುವುದು. ಆ ಸಲ ಇಬ್ಬರು ಬೇಡವೆನ್ನಲೇ ಇಲ್ಲ. ಒಬ್ಬರು ಗಿಲ್ಬರ್ಟ್. ಇನ್ನೊಬ್ಬಳು ವಸಂತಿ.

ಅವಳಿಗೆ ಆ ಕುರ್ಚಿ ಬೇಕಿದ್ದದ್ದು ಒಂದೇ ಕಾರಣಕ್ಕೆ. ಹಿಂದಿನ ರಜೆಯಲ್ಲಿ ಊರಿಗೆ ಹೋದಾಗ ಉಡುಪಿಯ ಬಸ್ ನಿಲ್ದಾಣದಲ್ಲಿ ಐದನೇ ಕ್ಲಾಸಿನ ನಮ್ಮ ಮಗಳು, ಬಸ್ಸಿನ ಬೋರ್ಡು ಓದಲಾಗದೆ, ಅಪರಿಚಿತರೊಬ್ಬರನ್ನು ಇಂಗ್ಲಿಷಿನಲ್ಲಿ ವಿಚಾರಿಸಿದಳು. ಅವರು ‘ಯಾವ ದೇಶದ ಮಗು?’ ಎಂದು ವಸಂತಿಯನ್ನು ಕೇಳಿದರು. ನಾನು ಅದನ್ನು ದೋಹಾದಲ್ಲಿ ನಗೆಚಾಟಿಕೆಯಾಗಿ ಹೇಳಿಕೊಂಡು ತಿರುಗಿದೆ. ವಸಂತಿ ನಗಲಿಲ್ಲ. ಬಳಗ ಎಂದರೆ ಪಿಕ್ನಿಕ್ಕು, ದೀಪಾವಳಿ ಊಟ, ಕ್ರಿಕೆಟ್ಟು ಎಂದಾಗಿದೆ. ಮಕ್ಕಳಿಗೆ ಅಕ್ಷರ ಕಲಿಸುವ ತರಗತಿ ಶುರು ಮಾಡಬೇಕು, ಅಧ್ಯಕ್ಷಳಾದರೆ ಮಾತ್ರ ಅದು ನಡೆಯುತ್ತದೆ ಎಂದು ಅವಳು ತೀರ್ಮಾನಿಸಿದ್ದಳು.

ಇಬ್ಬರೂ ಒಂದೇ ಗುಂಪಿನವರು, ಒಂದೇ ಮೇಜಿನಲ್ಲಿ ಪುಳಿಮುಂಚಿ ತಿಂದವರು. ಮಹಾಸಭೆಯಲ್ಲಿ ಕಿತ್ತಾಡಿದರೆ ಚೆಂದವಲ್ಲ, ಅದಕ್ಕೆ ಮೊದಲು ನಮ್ಮೊಳಗೇ ಅಮೆರಿಕದವರ ಹಾಗೆ ಒಂದು ಚರ್ಚೆ ಇಡುವ ಎಂದು ಸಲಹೆ ಕೊಟ್ಟವನು ನಾನೇ. ಅಷ್ಟಕ್ಕೆ ನಿಲ್ಲಿಸಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಇಬ್ಬರಿಗೂ ಬೇರೆ ಬೇರೆಯಾಗಿ ತರಬೇತಿ ಕೊಟ್ಟೆ. ನೀರು ಮುಟ್ಟಬೇಡಿ. ಉತ್ತರಕ್ಕೆ ಮುಂಚೆ ಸ್ವಲ್ಪ ಸುಮ್ಮನಿರಿ, ಸುಮ್ಮನಿದ್ದವನಿಗೆ ತೂಕ ಹೆಚ್ಚು. ಅಂಗೈ ತೋರಿಸಬೇಡಿ. ಗೊತ್ತಿಲ್ಲ ಎಂದು ಸತ್ತರೂ ಹೇಳಬೇಡಿ. ಏನು ಕೇಳಿದರೂ ಹೌದು ಎನ್ನಿ, ಆಮೇಲೆ ನೋಡಿಕೊಳ್ಳುವ. ಗಿಲ್ಬರ್ಟರು ಶಿಷ್ಯನಂತೆ ಎಲ್ಲವನ್ನೂ ಕೇಳಿಸಿಕೊಂಡರು. ವಸಂತಿ ತೆಂಗಿನಕಾಯಿ ತುರಿಯುತ್ತಾ, ‘ನಾನು ಹೇಳುವುದು ಎಂತ ಅಂತ ನೀವು ಒಮ್ಮೆಯೂ ಕೇಳಲಿಲ್ಲ ಅಲ್ವಾ?’ ಎಂದಳು. ಅದು ಮುಖ್ಯವಲ್ಲ ಎಂದೆ.

ಚರ್ಚೆ ಒಂದು ಹೋಟೆಲಿನ ಮೇಲ್ಮಹಡಿಯಲ್ಲಿ, ನಮ್ಮ ಗುಂಪಿನವರೆಲ್ಲರ ಎದುರು. ಪ್ರಶ್ನೆ ಕೇಳಲು ಭಾಸ್ಕರಣ್ಣ; ಸಮಯ ಮುಗಿಯಿತೆಂದು ಸೂಚಿಸಲು ಅವರ ಕೈಯಲ್ಲಿ ಒಂದು ಸ್ಟೀಲು ಲೋಟ, ಒಂದು ಚಮಚ. ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ಸ್ನೇಹಿತ. ಮಾತು ಕೇಳಿದರೆ ಮನಸ್ಸು ವಾಲುತ್ತದೆ. ಆದ್ದರಿಂದ ನಾನು ನ್ಯಾಯವಾಗಿ, ಎಲ್ಲರಿಗಿಂತ ಹಿಂದೆ, ಹಳೆಯ ಏಸಿಯೊಂದು ಲಾರಿಯಂತೆ ಸದ್ದು ಮಾಡುತ್ತಿದ್ದ ಮೂಲೆಯಲ್ಲಿ ಕುಳಿತೆ. ಒಂದಕ್ಷರ ಕೇಳಿಸುತ್ತಿರಲಿಲ್ಲ. ಮನೆಯ ಸೋಫಾದಷ್ಟೇ ಅನುಕೂಲ.

ಗಿಲ್ಬರ್ಟರು ಮೊದಲು. ಪ್ರಶ್ನೆ ಬಂತು, ಸುಮ್ಮನೆ ನಿಂತರು. ತೂಕ ಬಂತು. ಇನ್ನೂ ಸುಮ್ಮನಿದ್ದರು. ಮುಂದಿನ ಸಾಲಿನ ಹೆಂಗಸೊಬ್ಬರು ಕನಿಕರದಿಂದ ನೀರಿನ ಬಾಟಲಿ ಚಾಚಿದರು. ನನ್ನ ಶಿಷ್ಯ ಅದನ್ನು ಮುಟ್ಟಲಿಲ್ಲ. ಭಾಸ್ಕರಣ್ಣ ಲೋಟಕ್ಕೆ ಚಮಚ ಬಡಿದರು. ಆಮೇಲಿನ ಪ್ರಶ್ನೆಗಳಿಗೆಲ್ಲ ಅವರು ಕತ್ತು ಆಡಿಸಿ ಹೌದು ಎಂದದ್ದು ಕಂಡಿತು. ಯಕ್ಷಗಾನ ಮೇಳ ತರಿಸುವುದಕ್ಕೂ ಹೌದು, ಮೇಳದ ದಿನವೇ ಕ್ರಿಕೆಟ್ ಪಂದ್ಯ ಇಡುವುದಕ್ಕೂ ಹೌದು ಎಂದರಂತೆ. ಅದನ್ನು ಭಾಸ್ಕರಣ್ಣ ನನಗೆ ಆಮೇಲೆ ಹೇಳಿದ್ದು. ನನ್ನ ಲೆಕ್ಕದಲ್ಲಿ ಅವರು ಪಾಸು.

ಆಮೇಲೆ ವಸಂತಿ. ನೋಡಲು ಸಂಕಟವಾಯಿತು. ಸೆರಗು ಎಳೆದುಕೊಂಡಳು. ನೀರು ಕುಡಿದಳು. ಒಂದು ಪ್ರಶ್ನೆಗೆ ಎರಡೂ ಅಂಗೈ ತೆರೆದು ತೋರಿಸಿದಳು, ಥೇಟ್ ಆ ಕನ್ನಡಕದವನ ಹಾಗೆ. ಖಲಾಸ್, ಹೋಯಿತು ಎಂದುಕೊಂಡೆ. ಅಷ್ಟರಲ್ಲಿ ಅವಳ ಕೈ ನಿಂತಿತು. ಮೇಜಿನ ಅಂಚನ್ನು ಹಿಡಿದು, ಯಾವುದೋ ಮಾತನ್ನು ಅವಸರವಿಲ್ಲದೆ ಹೇಳತೊಡಗಿದಳು. ಇಷ್ಟು ವರ್ಷದಲ್ಲಿ ನಾನು ಅವಳನ್ನು ಹಾಗೆ ಎದುರಿನಿಂದ, ದೂರದಿಂದ ನೋಡಿದ್ದೇ ಇಲ್ಲವೇನೋ ಅನಿಸಿತು. ಮಾತು ಮುಗಿಸಿ ಅವಳು ನೇರವಾಗಿ ನನ್ನ ಮೂಲೆಯ ಕಡೆ ಕೈ ತೋರಿಸಿದಳು. ಇಡೀ ಸಭೆ ತಿರುಗಿ ನನ್ನನ್ನು ನೋಡಿತು, ಎಲ್ಲರ ಮುಖದಲ್ಲೂ ನಗು. ಗಂಡನ ಅಭಿಪ್ರಾಯ ಕೇಳುತ್ತಿದ್ದಾರೆ ಎಂದು ತಿಳಿದು, ನ್ಯಾಯ ಅನ್ಯಾಯ ಎಲ್ಲ ಮರೆತು, ಕೈಯನ್ನು ಆದಷ್ಟು ಮೇಲೆತ್ತಿ ಹೆಬ್ಬೆರಳು ತೋರಿಸಿದೆ. ಚಪ್ಪಾಳೆ ಏಸಿಯ ಸದ್ದನ್ನೂ ಮೀರಿ ಕೇಳಿಸಿತು. ಕೈ ಎತ್ತಿ ಓಟು ಹಾಕುವಾಗ ಗಿಲ್ಬರ್ಟರೂ ಅವಳಿಗೇ ಕೈ ಎತ್ತಿದರು.

ಕಾರಿನಲ್ಲಿ ಬರುವಾಗ ಅವಳು ಕೇಳಿದಳು: ‘ಹೇಗಾಯ್ತು?’

ನಾನು ತೀರ್ಪು ಕೊಟ್ಟೆ. ಸೆರಗು, ನೀರು, ಅಂಗೈ, ಕೊನೆಗೆ ಸುಧಾರಿಸಿದ್ದು. ಎಲ್ಲವನ್ನೂ ಕೇಳಿಸಿಕೊಂಡಳು.

‘ಅದು ಇರ್ಲಿ. ನಾನು ಹೇಳಿದ್ದೆಂತ?’

ಒಳ್ಳೆಯದನ್ನೇ ಹೇಳಿದೆ ಎಂದೆ. ‘ಒಳ್ಳೆದು ಅಂದ್ರೆ ಎಂತದು?’ ಎಂದಳು. ನಾನು ನನ್ನ ಹಳೆಯ ಉಪಾಯಕ್ಕೆ ಬಂದೆ, ಸುಮ್ಮನಾದೆ. ಚೌಕಾಸಿಯಲ್ಲಿ ಸುಮ್ಮನಿದ್ದರೆ ಎದುರಿನವರಿಗೆ ತಡೆಯಲಾಗದೆ ಅವರೇ ಬಾಯಿ ಬಿಡುತ್ತಾರೆ. ಸಿಗ್ನಲ್ಲು ಕೆಂಪಾಯಿತು, ಹಸಿರಾಯಿತು. ವಸಂತಿಯೂ ಸುಮ್ಮನಿದ್ದಳು. ಆ ವಿದ್ಯೆಯನ್ನು ಅವಳಿಗೆ ಕಲಿಸಿದವನು ನಾನೇ ಎಂದು ಮನೆ ತಲುಪುವ ಹೊತ್ತಿಗೆ ನೆನಪಾಯಿತು.

ಮಹಾಸಭೆ ಸುಸೂತ್ರವಾಗಿ ಮುಗಿದು, ವಸಂತಿ ಅಧ್ಯಕ್ಷಳಾದಳು. ಅದರ ಮುಂದಿನ ಶುಕ್ರವಾರ ಊಟ ಮುಗಿಸಿ ರಿಮೋಟು ಹುಡುಕುತ್ತಿದ್ದೆ. ಬೆಲ್ ಆಯಿತು. ಬಾಗಿಲು ತೆಗೆದರೆ ಮಕ್ಕಳು. ಹಿಂದೆ ಇನ್ನಷ್ಟು ಮಕ್ಕಳು, ಅವರ ಹಿಂದೆ ಅವರ ತಾಯಂದಿರು. ಮೆಟ್ಟಿಲಲ್ಲಿ ಗಿಲ್ಬರ್ಟರು ಒಂದು ಕರಿಹಲಗೆ ಹೊತ್ತುಕೊಂಡು ಬರುತ್ತಿದ್ದರು. ಒಳಗೆ ಬಂದವರೇ ಅದನ್ನು ಟಿ.ವಿ.ಗೆ ಆನಿಸಿ ನಿಲ್ಲಿಸಿದರು, ಹೊರಗಿನ ಪ್ರಪಂಚ ಮುಚ್ಚಿಹೋಯಿತು. ಇದೆಂತದು ಪೊರ್ಬುಗಳೇ ಎಂದು ಪಿಸುಗುಟ್ಟಿದೆ. ಅವರಿಗೆ ನಿಜವಾಗಿ ಆಶ್ಚರ್ಯವಾಯಿತು. ಬಳಗಕ್ಕೆ ಜಾಗ ಸಿಗುವವರೆಗೆ ಪ್ರತಿ ಶುಕ್ರವಾರ ಮಧ್ಯಾಹ್ನ ನಮ್ಮ ಮನೆಯ ಹಾಲಿನಲ್ಲೇ ತರಗತಿ, ನನ್ನ ಗಂಡನನ್ನು ಕೇಳಿದ್ದೇನೆ, ಒಪ್ಪಿದ್ದಾರೆ, ಬೇಕಾದರೆ ಈಗಲೇ ಅವರನ್ನು ಕೇಳಿ ಎಂದು ವಸಂತಿ ಅಷ್ಟು ಜನರ ಎದುರು ಹೇಳಲಿಲ್ಲವೇ? ಮನೆಯಲ್ಲಿ ಚಹಾದ ಹೊತ್ತಿಗೆ ಕೇಳಿದ್ದೂ ಅದನ್ನೇ ಅಲ್ಲವೇ? ‘ಯಕ್ಷಗಾನದ್ದು ಗೊತ್ತಿಲ್ಲ, ವಿಚಾರಿಸಿ ಹೇಳ್ತೇನೆ, ಆದ್ರೆ ಇದು ಮಾತ್ರ ಖಂಡಿತ ಅಂದ್ರು ಅಕ್ಕ. ಅದಕ್ಕೇ ನಾನೂ ಕೈ ಎತ್ತಿದ್ದು.’

ಅಡಿಗೆಮನೆಯಲ್ಲಿ ವಸಂತಿಯ ಹತ್ತಿರ ಚೌಕಾಸಿಗೆ ಹೋದೆ. ಒಂದು ಶುಕ್ರವಾರ ಬಿಟ್ಟು ಒಂದು? ಆಗದಂತೆ. ಬೆಳಗ್ಗೆ? ಆಗದಂತೆ. ನಾನು ಸರಿಯಾಗಿ ಕೇಳಿಸಿಕೊಳ್ಳದೆ ಒಪ್ಪಿದ್ದು ಎಂದೆ. ಸೀಮೆಸುಣ್ಣದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಅವಳು ಹೇಳಿದಳು: ‘ಮಾತು ಕೇಳಿದ್ರೆ ಮೋಸ ಹೋಗ್ತಾರೆ ಅಂತ ನೀವೇ ಹೇಳ್ತೀರಲ್ಲ. ನಾನೂ ಕೇಳ್ಲಿಲ್ಲ. ನಿಮ್ಮ ಕೈ ನೋಡಿದೆ.’

ಆ ವರ್ಷದ ಕೊನೆಯ ಚರ್ಚೆಗಳನ್ನು ನಾನು ಒಳಕೋಣೆಯ ಚಿಕ್ಕ ಟಿ.ವಿ.ಯಲ್ಲಿ ನೋಡಿದ್ದು. ಈಗ ಇಬ್ಬರೇ ಉಳಿದಿದ್ದರು, ಅಂಗೈ ತೋರಿಸಿದ ಕನ್ನಡಕದವನು ಎಂದೋ ಮನೆಗೆ ಹೋಗಿದ್ದ. ಅದರಲ್ಲಿ ಮಾತ್ರ ನನ್ನ ತೀರ್ಪು ಸರಿಯಾಗಿತ್ತು, ಯಾಕೋ ಅದರಿಂದ ಖುಷಿಯಾಗಲಿಲ್ಲ. ಕೊನೆಯ ಚರ್ಚೆಯ ದಿನ ಏನನ್ನಿಸಿತೋ, ತರಗತಿಗೆ ತೊಂದರೆಯಾಗದಷ್ಟು ಸೌಂಡ್ ಇಟ್ಟು, ಪೆಟ್ಟಿಗೆಗೆ ಕಿವಿ ಹಚ್ಚಿ ಕುಳಿತೆ. ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಗೋಡೆಯಾಚೆ ನನ್ನ ಮಗಳು ಕರಿಹಲಗೆಯ ಮೇಲಿನ ಊರುಗಳ ಹೆಸರನ್ನು ಒಂದೊಂದೇ ಕೂಡಿಸಿ ಓದುತ್ತಿದ್ದಳು: ಕಾ ಪು, ಮ ಲ್ಪೆ, ಕಾ ರ್ಕ ಳ. ಅದರಲ್ಲಿ ಒಂದಿಷ್ಟು ಹೊತ್ತು ಹೋಯಿತು.

ಮುಗಿದ ಕೂಡಲೇ ದುಖಾನ್‌ನಿಂದ ಭಾಸ್ಕರಣ್ಣನ ಫೋನು. ನಮ್ಮ ಹಾಲು ಶಾಲೆಯಾದ ಮೇಲೆ ಅವರು ಶುಕ್ರವಾರ ಬರುವುದು ಕಡಿಮೆ. ತೀರ್ಪನ್ನು ಫೋನಿನಲ್ಲೇ ತರಿಸಿಕೊಳ್ಳುತ್ತಾರೆ. ಅಲ್ಲಿ ಅವರ ಕ್ವಾರ್ಟರ್ಸಿನಲ್ಲಿ ನನ್ನ ಮಾತಿಗಾಗಿ ನಾಲ್ಕು ಜನ ಕಾಯುತ್ತಿದ್ದರಂತೆ.

‘ಶೆಟ್ರೇ, ಯಾರು ಗೆದ್ದದ್ದು?’

‘ಗೊತ್ತಿಲ್ಲ ಭಾಸ್ಕರಣ್ಣ’ ಎಂದೆ. ‘ಈ ಸಲ ಅವರು ಹೇಳಿದ್ದನ್ನು ಕೇಳ್ತಾ ಕೂತುಬಿಟ್ಟೆ.’

ಹೇಳಿದ ಮೇಲೆ ನೋಡಿದರೆ, ಫೋನು ಹಿಡಿಯದ ನನ್ನ ಇನ್ನೊಂದು ಅಂಗೈ ಅಗಲವಾಗಿ ತೆರೆದುಕೊಂಡಿತ್ತು. ಬಾಗಿಲಲ್ಲಿ ಸೀಮೆಸುಣ್ಣಕ್ಕಾಗಿ ಬಂದ ವಸಂತಿ ನಿಂತಿದ್ದಳು. ಅವಳು ಮೊದಲ ಸಲ ಆ ತರಹ ನಕ್ಕದ್ದು ಆಗಲೇ.