ಬಲಗಡೆಯ ಹೂವು ಮತ್ತು ಬ್ಯಾಂಕಿನ ಮನೆ

ನಿರ್ಧಾರ ತೆಗೆದುಕೊಳ್ಳುವುದು ನನಗೆ ಒಗ್ಗಿದ ಕೆಲಸವಲ್ಲ. ಹೋಟೆಲಿನಲ್ಲಿ ಮಾಣಿ ಬಂದು ನಿಂತರೆ ಇಡ್ಲಿಯೋ ದೋಸೆಯೋ ಎಂದು ಬೆವರಿ, ಕೊನೆಗೆ ಪಕ್ಕದ ಮೇಜಿನವರು ತಿನ್ನುತ್ತಿರುವುದನ್ನೇ ತೋರಿಸಿಬಿಡುತ್ತೇನೆ. ಡೊಂಬಿವ್ಲಿ ಸ್ಟೇಷನ್ನಿನಲ್ಲಿ ಫಾಸ್ಟ್ ಲೋಕಲ್ ರೈಲು ಹತ್ತಲೋ ಸ್ಲೋ ಹತ್ತಲೋ ಎಂದು ಸೇತುವೆಯ ನಡುವೆ ನಿಂತು ಎರಡನ್ನೂ ಕಳೆದುಕೊಂಡ ದಿನಗಳಿವೆ. ಇಂಥ ನನ್ನನ್ನು ಠಾಣೆ ನಗರದ ಫೈನಾನ್ಸ್ ಕಂಪನಿಯೊಂದು ಸಂಬಳ ಕೊಟ್ಟು ಇಟ್ಟುಕೊಂಡಿರುವುದು, ಬೇರೆಯವರು ಹಣ ಎಲ್ಲಿ ಹಾಕಬೇಕೆಂದು ಸಲಹೆ ಕೊಡುವುದಕ್ಕೆ! ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನಲ್ಲಿ ಬಿತ್ತಂತೆ.

ಮೈಸೂರಿನಿಂದ ಬಂದ ಮೇಲೆ ಡೊಂಬಿವ್ಲಿಯಲ್ಲಿ ಏಳು ಬಾಡಿಗೆ ಮನೆ ಕಂಡಿದ್ದೇವೆ. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿಯುವ ಹೊತ್ತಿಗೆ ಸರಿಯಾಗಿ ಮಾಲೀಕರ ಮಗನಿಗೆ ಮದುವೆ ಗೊತ್ತಾಗುತ್ತದೆ. ನಮ್ಮ ಕಾಲ್ಗುಣದಿಂದ ಎಷ್ಟು ಬ್ರಹ್ಮಚಾರಿಗಳಿಗೆ ಕಂಕಣ ಕೂಡಿಬಂತೋ! ಈ ಸಲವೂ ಮನೆ ಬಿಡಿ ಎಂದಾಗ ನನ್ನ ಹೆಂಡತಿ ಭಾರತಿ ಅಡುಗೆಮನೆಯ ಡಬ್ಬಗಳನ್ನೊಮ್ಮೆ ನೋಡಿ, "ಇವನ್ನ ಇನ್ನೊಂದ್ಸಲ ಕಟ್ಟಿದ್ರೆ ಅದು ಸ್ವಂತ ಮನೆಗೇ. ಬಾಡಿಗೆ ಮನೆಗೆ ಕಟ್ಟೋಕೆ ನನ್ ಕೈಲಾಗಲ್ಲ" ಎಂದಳು. ದನಿ ಏರಿಸಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಅದೇ ವಾರ ಪೇಪರಿನಲ್ಲಿ ಪಕ್ಕದೂರು ಕಲ್ಯಾಣದ ಫ್ಲ್ಯಾಟೊಂದರ ಹರಾಜು ಪ್ರಕಟಣೆ ಬಂತು. ಸಾಲ ತೀರದೆ ಬ್ಯಾಂಕು ವಶಪಡಿಸಿಕೊಂಡ ಮನೆ. ಬೆಲೆ ನಮಗೆ ಎಟುಕುವಂತಿತ್ತು. ಆಫರ್ ಕೊಡುವವರು ಶುಕ್ರವಾರ ನಾಲ್ಕು ಗಂಟೆಯೊಳಗೆ ಆನ್‌ಲೈನಿನಲ್ಲಿ ಕೊಡಬೇಕು. 'ಇದ್ದಲ್ಲಿ, ಇದ್ದ ಹಾಗೆ, ಏನಿದೆಯೋ ಅದು' ಎಂಬ ಷರತ್ತು ಓದಿ ನಾನು ಗಾಬರಿಯಾದೆ. "ನಿಮ್ಮನ್ನ ಮದುವೆಯಾಗುವಾಗ ನಂಗೆ ಇಷ್ಟೂ ಹೇಳಿರ್ಲಿಲ್ಲ" ಎಂದಳು ಭಾರತಿ.

ಮನೆ ನೋಡಲು ಗೊತ್ತುಮಾಡಿದ ದಿನ ಬ್ಯಾಂಕಿನ ಅಧಿಕಾರಿ ಸೀಲು ತೆಗೆದು ಬಾಗಿಲು ತೆರೆದರು. ಒಳಗೆ ಧೂಳು, ಬಾಲ್ಕನಿಯಲ್ಲಿ ಪಾರಿವಾಳದ ಸಂಸಾರ. ಒಂದು ನಲ್ಲಿಯೂ ಇರಲಿಲ್ಲ, ಬರೀ ತೂತುಗಳು. ನಾನು ತೂತು ಎಣಿಸುತ್ತಿದ್ದಾಗ ಭಾರತಿ ಅಡುಗೆಮನೆಯ ಕಿಟಕಿಯಿಂದ ಬೀಳುವ ಬಿಸಿಲಿಗೆ ಕೈಯೊಡ್ಡಿ ನಿಂತಿದ್ದಳು. ಡೊಂಬಿವ್ಲಿಯಲ್ಲೇ ಹುಟ್ಟಿ ಬೆಳೆದು, ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರಿಸುವ ಮಗಳು ಒಂದು ಕೋಣೆಯ ನಡುವೆ ನಿಂತು "ಪಪ್ಪಾ, ಯೇ ಮೇರಾ ರೂಮ್" ಎಂದು ತೀರ್ಪು ಕೊಟ್ಟುಬಿಟ್ಟಳು. ನನ್ನ ಕಣ್ಣು ಮಾತ್ರ ಬಾಗಿಲಿಗೆ ಕಟ್ಟಿದ್ದ ಒಣಗಿದ ತೋರಣದ ಮೇಲಿತ್ತು. ಯಾರೋ ಆಸೆಯಿಂದ ಕಟ್ಟಿದ್ದು. ಅವರು ಕಣ್ಣೀರು ಹಾಕಿ ಹೋದ ಮನೆಯಲ್ಲಿ ನಾವು ಹಾಲುಕ್ಕಿಸುವುದೇ ಎಂದು ಸಂಕಟವಾಯಿತು.

ನಮ್ಮ ಕನ್ನಡ ಮಾತು ಕಿವಿಗೆ ಬಿದ್ದು ಎದುರು ಮನೆಯ ಶಾಂತಕ್ಕ ಬಂದರು. ವಿಜಯಪುರದ ಕಡೆಯವರು, ಗಂಡ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಲೋಡಿಂಗ್ ಕೂಲಿಗಳ ಮೇಲಿನ ಮುಕಾದಮ. ನನ್ನ ಮುಖ ನೋಡಿಯೇ ಅವರಿಗೆ ವಿಷಯ ತಿಳಿಯಿತು.

"ಆ ಮನಿಯವ್ರ ಚಿಂತಿ ಮಾಡಾಕತ್ತೀರೇನ್ರಿ? ಉಲ್ಹಾಸನಗರದಾಗ ಅಂಗಡಿ ಇತ್ರಿ, ಲುಕ್ಸಾನ ಆತು. ಈಗ ಟಿಟ್ವಾಳಾದಾಗ ಸಣ್ಣ ಮನಿ ಮಾಡ್ಕೊಂಡು ಆರಾಮ ಅದಾರ. ಅಲ್ಲಿ ಗಣಪತಿ ಗುಡಿಗೆ ಹೋದಾಗೆಲ್ಲಾ ನಾ ಅವ್ರ ಮನ್ಯಾಗ ಚಾ ಕುಡದೇ ಬರೂದು. 'ಬೀಗ ಬಿದ್ದಿರೂಕಿಂತ ಯಾರರೆ ಬಂದು ದೀಪಾ ಹಚ್ಚಲಿ' ಅಂತ ಅವ್ರೇ ಅಂತಾರ್ರಿ."

ಎದೆಯ ಭಾರ ಇಳಿಯಿತು. ಆದರೆ ಆಫರ್ ಕೊಡುವ ಧೈರ್ಯ ಬರಲಿಲ್ಲ. ಗುರುವಾರ ರಾತ್ರಿಯವರೆಗೂ ಕೊಡೋಣ, ಬೇಡ, ಕೊಡೋಣ ಎಂದು ಜಪಿಸಿದ ಮೇಲೆ, ಕೊನೆಗೆ ಅಜ್ಜಿಯ ಉಪಾಯ ನೆನಪಾಯಿತು. ಅವರು ದೇವರ ಪಟದ ಎಡಬಲಕ್ಕೆ ಒದ್ದೆ ಸೇವಂತಿಗೆ ಇಟ್ಟು ಕೈಮುಗಿದು ಕೂರುತ್ತಿದ್ದರು. ಬಲಗಡೆಯದು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ಶುಕ್ರವಾರ ಆಫೀಸಿಗೆ ರಜೆ ಹಾಕಿ, ಭಾರತಿಯ ಕೈಯಲ್ಲಿ ಹೂ ಇಡಿಸಿ, ಹನ್ನೊಂದಕ್ಕೆ ಕಣ್ಣುಮುಚ್ಚಿ ಕುಳಿತೆ. ನಡುಮನೆಯಲ್ಲೇ ದೇವರು, ದೇವರ ಮುಂದೆ ದೀಪ. ಅದು ಆರಬಾರದೆಂದು ಫ್ಯಾನು ಬಂದ್. ಹನ್ನೆರಡಾಯಿತು. ಎರಡಾಯಿತು. ದೇವರೂ ನನ್ನ ಹಾಗೆಯೇ ಯೋಚನೆಗೆ ಬಿದ್ದಂತಿತ್ತು. ಮೂರು ಗಂಟೆಗೆ ಭಾರತಿ, "ಏನ್ ಸೆಕೆಯಪ್ಪಾ!" ಎನ್ನುತ್ತ ಬಂದು ಫ್ಯಾನನ್ನು ಐದರ ಸ್ಪೀಡಿಗೆ ತಿರುಗಿಸಿದಳು.

ದೀಪ ಆರಿತು. ಬಲಗಡೆಯ ಹೂವು ಉದುರಿತು.

"ಅಯ್ಯೋ, ದೀಪ ಆರಿಹೋಯ್ತಲ್ಲೇ! ಅಪಶಕುನ!" ಎಂದೆ.

"ದೀಪ ಆರಿಸಿದ್ದು ಫ್ಯಾನು, ಹೂ ಕೊಟ್ಟಿದ್ದು ದೇವರು. ಲ್ಯಾಪ್‌ಟಾಪ್ ತೆಗೀರಿ."

ಮೂರೂವರೆಗೆ ಆಫರ್ ಕೊಟ್ಟೆ. ಮರುದಿನ ಬೆಳಿಗ್ಗೆ ಪಟದ ಹೂ ತೆಗೆಯಲು ಹೋದರೆ ಎಡಗಡೆಯ ಸೇವಂತಿಗೆ ಎಳೆದರೂ ಬರಲಿಲ್ಲ. ಬಗ್ಗಿ ನೋಡಿದೆ. ಸೇಫ್ಟಿ ಪಿನ್ನು ಹಾಕಿ ಅದನ್ನು ಪಟದ ಹಾರಕ್ಕೆ ಸೇರಿಸಿತ್ತು! ಸಿಟ್ಟು ಬರಬೇಕಿತ್ತು, ಬರಲಿಲ್ಲ. ನನ್ನ ಬದಲು ಯಾರೋ ತಿಳಿದವರು ನಿರ್ಧಾರ ಮಾಡಿದ್ದಾರೆಂದು ಮನಸ್ಸು ಹಗುರವಾಯಿತು. ಪಿನ್ನನ್ನು ಬಿಚ್ಚಿ ಪರ್ಸಿನಲ್ಲಿಟ್ಟುಕೊಂಡು ಸುಮ್ಮನಾದೆ. ಹರಾಜಿನಲ್ಲಿ ನಮ್ಮನ್ನು ಬಿಟ್ಟು ಬೇರೆ ಯಾರೂ ಆಫರ್ ಕೊಟ್ಟಿರಲಿಲ್ಲವೆಂದು ತಿಳಿದ ದಿನ ಮಾತ್ರ, ಊರಲ್ಲಿರುವ ಬುದ್ಧಿವಂತರೆಲ್ಲ ಎಲ್ಲಿ ಹೋದರು ಎಂದು ಸ್ವಲ್ಪ ಜ್ವರ ಬಂದಿತ್ತು.

ಈಗ ಆ ಮನೆಯಲ್ಲೇ ಕುಳಿತು ಬರೆಯುತ್ತಿದ್ದೇನೆ. ಹಾಲುಕ್ಕಿಸಿದ ದಿನ ಶಾಂತಕ್ಕ ಗೋಧಿ-ಬೆಲ್ಲದ ಮಾದಲಿ ಮಾಡಿ ತಂದಿದ್ದರು. ನಲ್ಲಿಗಳು ಬಂದಿವೆ, ಪಾರಿವಾಳಗಳು ಹೋಗಲೊಪ್ಪಿಲ್ಲ. ಡಬ್ಬಗಳ ಮೇಲೆ ಬಿಸಿಲು ಬೀಳುವಾಗ ಭಾರತಿ ಏನೋ ಗುನುಗುತ್ತಿರುತ್ತಾಳೆ, ಕೇಳುತ್ತ ಕೂರುವುದು ನನಗೆ ಬಹಳ ಸುಖ. ಒಂದೇ ತೊಂದರೆ. ಗೋಡೆಗೆ ಯಾವ ಬಣ್ಣ ಎಂಬುದು ತೀರ್ಮಾನವಾಗಿಲ್ಲ. ಇಲ್ಲಿ ದೇವರ ಗೂಡು ಅಡುಗೆಮನೆಯ ಮೂಲೆಯಲ್ಲಿದೆ, ಅಲ್ಲಿ ಗಾಳಿಯೇ ಇಲ್ಲ. ಹಳದಿಗೆ ಬಲ, ನೀಲಿಗೆ ಎಡ ಎಂದುಕೊಂಡು ನಾಲ್ಕು ತಿಂಗಳಿಂದ ಹೂ ಇಡುತ್ತಿದ್ದೇನೆ, ಒಂದು ಎಸಳೂ ಬಿದ್ದಿಲ್ಲ. ಪೇಂಟರ್ ನನ್ನ ಫೋನು ಎತ್ತುವುದನ್ನೇ ಬಿಟ್ಟಿದ್ದಾನೆ.

ನಿನ್ನೆ ಭಾರತಿ, "ದೇವ್ರನ್ನ ಬಿಡಿ, ನಿಮಗೆ ಯಾವ ಬಣ್ಣ ಇಷ್ಟ ಹೇಳಿ" ಎಂದು ಎದುರಿಗೆ ಬಂದು ನಿಂತಳು. ನಾನು ಪರ್ಸಿನಿಂದ ಆ ಪಿನ್ನು ತೆಗೆದು ಅವಳ ಕೈಗಿಟ್ಟು, "ಟೇಬಲ್ ಫ್ಯಾನ್ ನಾನೇ ತರ್ತೀನಿ" ಎಂದೆ.