ಖಾಲಿ ಕೊಳವೆಯಲ್ಲೊಂದು ಗೆರೆ

ದೆವ್ವವನ್ನು ನಂಬದವರೆಲ್ಲ ಧೈರ್ಯವಂತರೆಂದು ತಿಳಿಯಬೇಡಿ. ನಾನು ನಂಬುವುದಿಲ್ಲ, ಆದರೆ ಹೆದರುತ್ತೇನೆ. ಇಂಥ ನನ್ನ ಪಾಲಿಗೆ ವಾಡಿಯ ಸಿಮೆಂಟ್ ಪ್ರಯೋಗಾಲಯದ ಎನ್.ಎಂ.ಆರ್. ಯಂತ್ರ ಬಂತು, ಪುಡಿಯೊಳಗೆ ಏನೇನಿದೆಯೆಂದು ಗೆರೆ ಎಳೆದು ತೋರಿಸುವಂಥದ್ದು. ದೊಡ್ಡ ಅಯಸ್ಕಾಂತದ ಹೊಟ್ಟೆಯೊಳಗೆ, ಬೆರಳ ತುದಿಯಷ್ಟಿರುವ ಕೊಳವೆಯಲ್ಲಿ ಸಿಮೆಂಟ್ ಪುಡಿ ತುಂಬಿ, ಓರೆಯಾಗಿಟ್ಟು ಗಿರಗಿರನೆ ತಿರುಗಿಸಬೇಕು. ಪುಡಿಯೊಳಗಿನ ಪ್ರೋಟಾನ್‌ಗಳು ಸಂತೆಯ ಜನರಂತೆ ಒಟ್ಟಿಗೇ ಮಾತಾಡುವುದರಿಂದ ಪರದೆಯ ಮೇಲೆ ಬರೀ ಒಂದು ದಿಬ್ಬ ಮೂಡುತ್ತದೆ. ಜೋರಾಗಿ ತಿರುಗಿಸಿದಷ್ಟೂ ದಿಬ್ಬ ಒಡೆದು, ಗೆರೆಗಳು ಬೇರೆಬೇರೆಯಾಗಿ ಚೂಪಾಗುತ್ತವೆ. ತಿರುಗುವಾಗ ಅದು ಸಿಳ್ಳೆ ಹಾಕುತ್ತದೆ, ಯಾರೋ ಹಲ್ಲು ಕಚ್ಚಿ ಅಳುವ ಹಾಗೆ.

ಇನ್ನೂ ಜೋರಾಗಿ ತಿರುಗಿಸುವ ಹೊಸ ಭಾಗ ಹಾಕಿಸಿದೆವು. ಮುಂದಿನ ವಾರ ಶುದ್ಧವಾದ ಗೆರೆಗಳನ್ನು ತೋರಿಸದಿದ್ದರೆ ಯಂತ್ರ ಹೈದರಾಬಾದಿಗೆ, ನೀನು ಮನೆಗೆ ಎಂದು ಸಾಹೇಬರು ಹೇಳಿಬಿಟ್ಟರು. ಖಾಲಿ ಕೊಳವೆ ತಿರುಗಿಸಿ ನೋಡಿದೆ. ಏನೂ ಇರಬಾರದ ಕಡೆ ಸಣ್ಣದೊಂದು ಗೆರೆ ಎದ್ದು ನಿಂತಿತ್ತು. ಕೊಳವೆ ತೊಳೆದೆ, ಬದಲಿಸಿದೆ. ಗೆರೆ ಹೋಗಲಿಲ್ಲ, ಬೆಳೆಯಿತು. ನಮ್ಮ ಕೆಮಿಸ್ಟ್ ಶರಣಮ್ಮ ಅದೇ ಕೊಳವೆ ತೊಳೆದು ಹಾಕಿದರೆ ಏನೂ ಇಲ್ಲ!

"ನೀವು ಮುಟ್ಟಿದ್ರ ಅಷ್ಟೇ ಬರ್ಲಿಕತ್ತದ ನೋಡ್ರಿ ಸರ್," ಎಂದು ಮೆಲ್ಲಗೆ ಹೇಳಿ, ಅವರು ತಮ್ಮ ಕುರ್ಚಿಯನ್ನು ಮೊಳದಷ್ಟು ಆಚೆ ಎಳೆದುಕೊಂಡರು. ನಾನು ತಲೆ ಕೆರೆದುಕೊಳ್ಳುತ್ತ ಇನ್ನೊಂದು ಕೊಳವೆ ಎತ್ತಿಕೊಂಡೆ.

ಮನೆಯಲ್ಲಿ ಹೇಳಿದೆ. ನನ್ನ ಹೆಂಡತಿ ಆಡಕಿ ಎಂಬ ಹಳ್ಳಿಯವಳು. ಅಂಜಿದವರ ನೆತ್ತಿಗೆ ಔಡಲೆಣ್ಣೆ ತಟ್ಟಿದರೆ ಅಂಜಿಕೆ ಇಳಿಯುತ್ತದೆಂದು, ದಿನಾ ಬೆಳಗ್ಗೆ ನನ್ನ ಎಂದಿನ ತಲೆ ಎಣ್ಣೆಯ ಮೇಲೆ ಬೊಗಸೆಗಟ್ಟಲೆ ತಟ್ಟಿ ಕಳಿಸತೊಡಗಿದಳು. ಗೆರೆ ದುಪ್ಪಟ್ಟಾಯಿತು. ಮರುದಿನ ಇನ್ನೂ ಎತ್ತರ. ಆ ಗೆರೆಗೆ ನನ್ನ ಮೇಲೇ ಕಣ್ಣು ಎಂಬುದು ಖಾತ್ರಿಯಾಯಿತು.

ಸಾಹೇಬರು ಬರುವ ಬೆಳಗ್ಗೆ, ನೌಕರಿ ಹೋಯಿತೆಂಬ ಚಿಂತೆಯಲ್ಲಿ ತಲೆ ಕೆರೆದುಕೊಳ್ಳುತ್ತ, ಅದೇ ಬರಿಗೈಯಲ್ಲಿ ಕೊಳವೆ ಮುಚ್ಚುತ್ತಿದ್ದೆ. ಶರಣಮ್ಮ ನನ್ನನ್ನೇ ದಿಟ್ಟಿಸುತ್ತಿದ್ದರು. ಎದ್ದು ಬಂದು, ಕೇಳದೆಯೇ ನನ್ನ ನೆತ್ತಿಯ ಎಣ್ಣೆಯನ್ನು ಕಡ್ಡಿಯಲ್ಲಿ ಸವರಿ, ಹೊಸ ಕೊಳವೆಗೆ ಹಚ್ಚಿ ತಿರುಗಿಸಿದರು. ಅದೇ ಜಾಗ, ಅದೇ ಗೆರೆ.

"ನಿಮ್ಮ ತಲಿ ಎಣ್ಣಿ ಅದರಿ ಇದು. ಮೊದಲ ಹೊರಗ ನಡೀರಿ."

ಇಷ್ಟು ವರ್ಷ ನನ್ನ ಎಣ್ಣೆಯೆಲ್ಲ ಆ ದಿಬ್ಬದಡಿ ಹೂತುಹೋಗಿತ್ತು. ಗೆರೆಗಳು ಚೂಪಾದದ್ದೇ ತಡ, ನಾನು ಸಿಕ್ಕಿಬಿದ್ದೆ.

ಸಾಹೇಬರಿಗೆ ಶರಣಮ್ಮ ಶುದ್ಧ ಗೆರೆಗಳನ್ನೇ ತೋರಿಸಿದರು. ಯಂತ್ರ ಉಳಿಯಿತು, ನೌಕರಿಯೂ ಉಳಿಯಿತು. ಆ ಕೋಣೆಗೆ ಮಾತ್ರ ನನಗೆ ಪ್ರವೇಶವಿಲ್ಲ. ಸಿಳ್ಳೆ ಕೇಳಿದರೆ ಮನಸ್ಸು ತಡೆಯದೆ, ಹೋಗಿ ಬಾಗಿಲ ಗಾಜಿಗೆ ಮುಖ ಒತ್ತಿ ನಿಲ್ಲುತ್ತೇನೆ. ಹೊಸದಾಗಿ ಸೇರಿದವರು ಒಳಗಿನಿಂದ ಕಂಡು ಚೀರುತ್ತಾರೆ. ಶರಣಮ್ಮ ತಲೆ ಎತ್ತದೆಯೇ ಅವರಿಗೆ ಸಮಾಧಾನ ಹೇಳುತ್ತಾರೆ:

"ಅಂಜಬ್ಯಾಡ್ರಿ, ಅದು ಏನೂ ಮಾಡಂಗಿಲ್ಲ."