ಇಂಜಿನ್ನಿನಲ್ಲಿ ಸಿಕ್ಕ ಬಂಗಾರ

ಬ್ರೇಕಣ್ಣ ಮಾಡಿದ ತಪ್ಪು ಇಷ್ಟೇ: ಎದುರುಮನೆಯ ಟೈಲರನ ಹತ್ತಿರ ಒಂದು ತುಂಡು ಬಿಳಿ ಬಟ್ಟೆ ಕೇಳಿದ.

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ರಸ್ತೆಯ ಮೇಲೆ ಕಾಗೆಯ ನೆರಳು ಬಿದ್ದರೂ ಬ್ರೇಕ್ ತುಳಿಯುವ ಈ ಲಾರಿ ಡ್ರೈವರನಿಗೆ ಬೀದಿಯವರು ಇಟ್ಟ ಹೆಸರೇ ಗಟ್ಟಿಯಾಗಿ ನಿಂತಿತು. ಇಷ್ಟೆಲ್ಲ ಹುಷಾರಿನ ಮನುಷ್ಯ ಬ್ರೇಕ್ ಹಾಕದೆ ಮುನ್ನುಗ್ಗಿದ್ದು ಜೀವನದಲ್ಲಿ ಒಂದೇ ಸಲ, ಹೋದ ವರ್ಷ, ಷಡ್ಡಕನ ಹಳೆಯ ಲಾರಿ ಕೊಂಡಾಗ. ಷಡ್ಡಕ ಅಂದರೆ ಹೆಂಡತಿಯ ಅಕ್ಕನ ಗಂಡ. "ತಮ್ಮಾ, ನಾನು ಹೇಳ್ತಿದೀನಲ್ಲ, ಕಣ್ಮುಚ್ಚಿಕೊಂಡು ತಗೋ" ಅಂದಿದ್ದ. ಬ್ರೇಕಣ್ಣ ಅಕ್ಷರಶಃ ಹಾಗೇ ಮಾಡಿದ್ದ. ಕಣ್ಣು ತೆರೆಯುವ ಭಾಗ್ಯ ಇವತ್ತು ಬೆಳಿಗ್ಗೆ ಒದಗಿ ಬಂತು.

ಮರುದಿನ ದೂರದ ಊರಿಗೆ ಲೋಡು ಒಪ್ಪಿಕೊಂಡಿದ್ದ. ಅದಕ್ಕೇ ಮನೆ ಮುಂದೆ ಲಾರಿ ನಿಲ್ಲಿಸಿ, ಅಡಿಗೆ ತೂರಿ, ಹಳೆಯ ಆಯಿಲನ್ನು ಬಾಂಡ್ಲಿಗೆ ಇಳಿಸಿದ. ಕರ್ರಗೆ, ನಿಧಾನವಾಗಿ, ಸರ್ಕಾರಿ ಕಡತದ ಹಾಗೆ ಇಳಿಯಿತು ಅದು. ಎಣ್ಣೆಯಲ್ಲಿ ಏನೋ ಮಿನುಗಿದಂತಾಯಿತು. ಬೆರಳು ಅದ್ದಿ ಉಜ್ಜಿ ನೋಡಿದ. ಚುರುಚುರು ಅಂದಿತು. ಅವನ ಎದೆಯೂ ಹಾಗೇ ಅಂದಿತು. ಸರಿಯಾಗಿ ನೋಡೋಣವೆಂದು ಟೈಲರನಿಂದ ಬಿಳಿ ಬಟ್ಟೆ ತಂದು ಎಣ್ಣೆ ಸೋಸಿದ.

ಬಟ್ಟೆಯ ಮೇಲೆ ಹಳದಿ ಹಳದಿ ಲೋಹದ ಚೂರುಗಳು ಬಿಸಿಲಿಗೆ ಪಳಪಳ ಹೊಳೆದವು.

ಇಂಜಿನ್ನಿನೊಳಗೆ ತಿರುಗುವ ದಂಡವನ್ನು ಹೊರುವ, ತಾಮ್ರ ಬೆರೆತ ಬೇರಿಂಗ್ ಸವೆದು ಉದುರುತ್ತಿದೆ ಅಂತ ಬ್ರೇಕಣ್ಣನಿಗೆ ನೋಡಿದ ತಕ್ಷಣ ಗೊತ್ತಾಯಿತು. ಅಂದರೆ ಇಂಜಿನ್ನು ಇವತ್ತೋ ನಾಳೆಯೋ ಅನ್ನುವ ಸ್ಥಿತಿಯಲ್ಲಿದೆ. ಅವನು ಅಲ್ಲೇ ಕುಕ್ಕರಿಸಿದ. ಅಷ್ಟರಲ್ಲಿ, ತನ್ನ ಬಟ್ಟೆಯ ತುಂಡಿಗೆ ಏನು ಗತಿಯಾಯಿತೋ ಎಂದು ನೋಡಲು ಬಂದ ಟೈಲರ್ ಹಿಂದಿನಿಂದ ಬಗ್ಗಿದ.

"ಬ್ರೇಕಣ್ಣಾ! ಬಂಗಾರ!"

"ಏಯ್, ಮೆಲ್ಲಗೆ! ಬಂಗಾರ ಅಲ್ಲ ಮಾರಾಯ, ಬೇರಿಂಗು."

"ಮೆಲ್ಲಗೆ ಅಂತೀಯ. ಬೇರಿಂಗ್ ಆಗಿದ್ರೆ ಮೆಲ್ಲಗೆ ಯಾಕಪ್ಪಾ?"

ಟೈಲರ್ ಅಳತೆ ಪಟ್ಟಿ ಕೊರಳಲ್ಲಿ ಹಾಗೇ ಹಾಕಿಕೊಂಡು ಬೀದಿಯ ಉದ್ದಕ್ಕೂ ಓಡಿದ. ಗಿರಾಕಿಗಳ ಬಟ್ಟೆಯನ್ನು ಹೇಳಿದ ದಿನಕ್ಕೆ ಒಮ್ಮೆಯೂ ಕೊಡದವನು ಈ ಸುದ್ದಿಯನ್ನು ಮಾತ್ರ ಮನೆಮನೆಗೂ ಬಿಸಿಬಿಸಿಯಾಗಿ ತಲುಪಿಸಿದ.

ಮೊದಲು ಬಂದವರು ಮೂಲೆಮನೆಯ ರಿಟೈರಾದ ಮೇಷ್ಟ್ರು. ಗೊತ್ತಿಲ್ಲದ ವಿಷಯದಲ್ಲೂ ತೀರ್ಪು ಕೊಡುವ ಅಭ್ಯಾಸ ಅವರನ್ನು ರಿಟೈರಾದ ಮೇಲೂ ಬಿಟ್ಟಿರಲಿಲ್ಲ. ಒಂದು ಚೂರು ಎತ್ತಿಕೊಂಡು, ಪಂಚೆಯ ಅಂಚಿಗೆ ಒರೆಸಿ, ಉಳಿದಿದ್ದ ಹಲ್ಲುಗಳಲ್ಲಿ ಗಟ್ಟಿಮುಟ್ಟಾದದ್ದನ್ನು ಆರಿಸಿ ಕಚ್ಚಿದರು.

"ಮೆತ್ತಗಿದೆ. ಅಪರಂಜಿ!"

"ಮೇಷ್ಟ್ರೇ, ಬೇರಿಂಗ್ ಲೋಹನೂ ಮೆತ್ತಗೇ ಇರುತ್ತೆ. ಅದರ ಕೆಲಸವೇ ಸವೆಯೋದು."

"ನನಗೇ ಪಾಠ ಮಾಡ್ತೀಯಾ? ಕಳ್ಳಸಾಗಣೆಯೋರು ಹೀಗೇ ಕಣಯ್ಯ, ಇಂಜಿನ್ನಿನೊಳಗೆ ಬಂಗಾರದ ಗಟ್ಟಿ ಬಚ್ಚಿಡ್ತಾರೆ. ಅದು ತಿರುಗಿ ತಿರುಗಿ ಚೂರಾಗಿದೆ. ಉಳಿದದ್ದು ಒಳಗೇ ಇರುತ್ತೆ."

ಗುಂಪು 'ಓಹೋ' ಅಂದಿತು. ಬ್ರೇಕಣ್ಣ ಅಲ್ಲ ಅಂದಷ್ಟೂ ಅವರ ನಂಬಿಕೆ ಬಲವಾಯಿತು. ಇಷ್ಟು ಬೆವರುತ್ತ ಅಲ್ಲ ಅನ್ನುವವನು ಹೌದು ಅಂದಂತೆಯೇ ಲೆಕ್ಕ ಎಂದು ಟೈಲರ್ ವ್ಯಾಖ್ಯಾನ ಮಾಡಿದ. ಕಳೆದ ತಿಂಗಳು ಲಾರಿ ನೀರಿನ ಕೊಳಾಯಿಗೆ ತಗುಲಿತೆಂದು ಬೀದಿಗೆಲ್ಲ ಕೇಳುವಂತೆ ಬೈದಿದ್ದ ಪಕ್ಕದ ಮನೆಯಾಕೆ ಚಹಾ ತಂದು ಕೊಟ್ಟಳು.

ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಒಳಗೆ ಹೋದಳು. ಅಕ್ಕನಿಗೆ ಫೋನ್ ಮಾಡಿದಳು. "ಯಾರಿಗೂ ಹೇಳಬೇಡ ಕಣೇ ಅಕ್ಕಾ" ಅಂತ ಶುರುವಾದ ಮಾತು ಬಹಳ ಹೊತ್ತು ನಡೆಯಿತು.

ಚಹಾದ ಲೋಟ ಖಾಲಿಯಾಗುವ ಹೊತ್ತಿಗೆ ಷಡ್ಡಕನ ಹೊಚ್ಚಹೊಸ ಲಾರಿ ಬೀದಿಯ ತಿರುವಿನಲ್ಲಿ ಹಾರನ್ ಹೊಡೆಯಿತು. ಬರೀ ಬನಿಯನ್ನಿನಲ್ಲೇ ಬಂದಿದ್ದ ಆತ. ನೆಂಟಸ್ತಿಕೆಯ ಕಾಳಜಿ ಅಂದರೆ ಅದು.

"ತಮ್ಮಾ, ಹೇಗಿದೀಯಾ? ಸೊರಗಿ ಹೋಗಿದೀಯಲ್ಲೋ!" ಅನ್ನುತ್ತ ಬ್ರೇಕಣ್ಣನ ಹೆಗಲ ಮೇಲೆ ಕೈಹಾಕಿದ. ಕಣ್ಣು ಮಾತ್ರ ಬಟ್ಟೆಯ ಮೇಲಿದ್ದ ಚೂರುಗಳ ಮೇಲೇ ಇತ್ತು. "ಆ ಲಾರಿ ಮಾರಿದ ದಿನದಿಂದ ನನಗೆ ನಿದ್ದೆಯಿಲ್ಲ ಕಣೋ. ಹೊಟ್ಟೆಯಲ್ಲಿ ಹುಟ್ಟಿದ ಮಗು ಇದ್ದ ಹಾಗೆ ಇತ್ತು. ವಾಪಸ್ ಕೊಟ್ಬಿಡು. ಬದಲಿಗೆ ನನ್ನ ಹೊಸ ಗಾಡಿ ತಗೋ."

"ಅಣ್ಣಾ, ಅದು ಬಂಗಾರ ಅಲ್ಲ, ಅದು..." ಅಂತ ಬ್ರೇಕಣ್ಣ ಬಾಯಿ ತೆರೆದ. ಷಡ್ಡಕನ ಹೊಸ ಲಾರಿಯನ್ನು ನೋಡಿದ. ಅದರ ಟೈರುಗಳಲ್ಲಿ ಹೊಸ ರಬ್ಬರಿನ ಮೀಸೆ ಕೂಡ ಇನ್ನೂ ಉದುರಿರಲಿಲ್ಲ. ಬಾಯಿ ಮುಚ್ಚಿದ. ಮತ್ತೆ ತೆರೆದಾಗ ಬೇರೆ ಮಾತು ಬಂತು.

"ಅದು... ಹೇಗೆ ಕೊಡ್ಲಿ ಅಣ್ಣಾ? ನನಗೂ ಅದರ ಮೇಲೆ ಪ್ರೀತಿ ಬಂದುಬಿಟ್ಟಿದೆ."

ಹುಟ್ಟಿದಾಗಿನಿಂದ ಸುಳ್ಳು ಹೇಳಲು ಬಾರದ ಬ್ರೇಕಣ್ಣನಿಗೆ ಅದು ಇಷ್ಟು ಸಲೀಸು ಅಂತ ಈಗಲೇ ಗೊತ್ತಾದದ್ದು. ಷಡ್ಡಕ ಗೋಗರೆದ. ಬ್ರೇಕಣ್ಣ ನಿಟ್ಟುಸಿರು ಬಿಟ್ಟ, ತಲೆ ಕೆರೆದ, ಲಾರಿಯ ಬಾನೆಟ್ ಸವರಿದ. ಕೊನೆಗೆ, ನೆಂಟಸ್ತಿಕೆ ಮುಖ್ಯ ಅಂತ ಕಷ್ಟಪಟ್ಟು ಒಪ್ಪಿಕೊಂಡ. ಮೇಷ್ಟ್ರ ಸಾಕ್ಷಿಯಲ್ಲಿ ಬೀಗದ ಕೈಗಳು ಅದಲುಬದಲಾದವು. ಹೊಸ ಲಾರಿಯ ಕೀಲಿ ಬ್ರೇಕಣ್ಣನ ಅಂಗಿ ಜೇಬಿನಲ್ಲಿ ಹಸುಗೂಸಿನಂತೆ ಬೆಚ್ಚಗೆ ಮಲಗಿತು.

"ಸ್ಟಾರ್ಟ್ ಮಾಡಬೇಡಿ, ಇರೋ ಬಂಗಾರವೂ ಪುಡಿಯಾಗುತ್ತೆ!" ಅಂತ ಟೈಲರ್ ಕೂಗಿದ. ಷಡ್ಡಕನಿಗೆ ಅದು ಸರಿಯೆನಿಸಿತು. ಬ್ರೇಕಣ್ಣನ ಸ್ಪ್ಯಾನರುಗಳನ್ನೇ ಕಸಿದುಕೊಂಡು ಲಾರಿಯ ಅಡಿಗೆ ತೂರಿದ. ಟೈಲರೂ ಹಿಂದೆಯೇ ತೂರಿದ. ಇಂಜಿನ್ನಿನ ಕೆಳಗಿನ ಎಣ್ಣೆ ತೊಟ್ಟಿಯನ್ನು ಬಿಚ್ಚಿದರು. ತಳದಲ್ಲಿ ಇನ್ನಷ್ಟು ಹಳದಿ ಚೂರು! ಬೀದಿಯೇ ಚಪ್ಪಾಳೆ ತಟ್ಟಿತು. ಹುರುಪಿನಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿದರು. ಯಾವ ಬೋಲ್ಟು ಯಾವ ತೂತಿನದು ಅನ್ನುವ ಚಿಂತೆ ಬಂಗಾರ ಹುಡುಕುವವರಿಗೆ ಯಾಕೆ? ಬ್ರೇಕಣ್ಣ ಜಗಲಿಯ ಮೇಲೆ ಕಾಲಮೇಲೆ ಕಾಲು ಹಾಕಿ ಕೂತು, ಎರಡನೆಯ ಲೋಟ ಚಹಾ ಹೀರುತ್ತ ನೋಡಿದ. ಇಷ್ಟು ರುಚಿಯಾದ ಚಹಾ ಅವನು ಕುಡಿದೇ ಇರಲಿಲ್ಲ.

ಆಗ ಪೊಲೀಸ್ ಜೀಪು ಬಂತು. ಜವಾಬ್ದಾರಿಯುತ ನಾಗರಿಕರಾದ ಮೇಷ್ಟ್ರು, ಬಂಗಾರದಲ್ಲಿ ತಮಗೆ ಪಾಲಿಲ್ಲ ಅಂತ ಖಚಿತವಾದ ಕೂಡಲೇ ಠಾಣೆಗೆ ಫೋನ್ ಮಾಡಿದ್ದರು.

"ಗಾಡಿ ಯಾರದಯ್ಯಾ?" ಇನ್ಸ್‌ಪೆಕ್ಟರ್ ಕೇಳಿದ.

ಲಾರಿಯ ಅಡಿಯಿಂದ ಷಡ್ಡಕನ ತಲೆ ಮಾತ್ರ ಈಚೆ ಬಂತು. "ನಂದೇ ಸಾರ್, ಆದ್ರೆ ಈಗಷ್ಟೇ ತಗೊಂಡೆ. ವರ್ಷದಿಂದ ಇಟ್ಕೊಂಡಿದ್ದೋನು ಅವನು. ಬಂಗಾರ ಅವನ ಕಾಲದ್ದು."

"ಓಹೋ. ಎಲ್ಲಿಂದ ಸಾಗಿಸ್ತಿದ್ದೆಯೋ?" ಇನ್ಸ್‌ಪೆಕ್ಟರ್ ಬ್ರೇಕಣ್ಣನ ಕಡೆ ತಿರುಗಿದ. "ಯಾರು ಯಾರು ಇದೀರ ಇದರಲ್ಲಿ? ನಡಿ, ಜೀಪು ಹತ್ತು. ಸ್ಟೇಷನ್ನಲ್ಲಿ ಎಲ್ಲಾ ಹೇಳ್ತೀಯ."

ಪೇದೆ ರಟ್ಟೆ ಹಿಡಿದ. ಬ್ರೇಕಣ್ಣನ ಲೋಟದ ಚಹಾ ಅಂಗಿಯ ಮೇಲೆ ಚೆಲ್ಲಿತು. ಜೇಬಿನಲ್ಲಿ ಹೊಸ ಲಾರಿಯ ಕೀಲಿ, ಎದುರಿಗೆ ಜೀಪಿನ ತೆರೆದ ಬಾಗಿಲು. ಸುಮ್ಮನಿದ್ದರೆ ಲಾರಿ ಉಳಿಯುತ್ತದೆ, ಓಡಿಸುವವನು ಉಳಿಯುವುದಿಲ್ಲ. ಷಡ್ಡಕನ ಮುಖವನ್ನೊಮ್ಮೆ, ಪೇದೆಯ ಲಾಠಿಯನ್ನೊಮ್ಮೆ ನೋಡಿದ. ಜೀವಮಾನದ ಅಭ್ಯಾಸ ಎಲ್ಲಿಗೆ ಹೋಗುತ್ತದೆ? ಬ್ರೇಕ್ ಒತ್ತಿಯೇಬಿಟ್ಟ.

"ಸಾರ್, ಅದು ಬಂಗಾರ ಅಲ್ಲ ಸಾರ್! ಬೇರಿಂಗ್! ಇಂಜಿನ್ ಸತ್ತುಹೋಗಿದೆ ಸಾರ್! ಬೆಳಿಗ್ಗೆಯಿಂದ ನನಗೆ ಗೊತ್ತು!"

ಅಷ್ಟಕ್ಕೇ ನಿಲ್ಲಿಸದೆ ಲಾರಿಯ ಅಡಿಗೆ ನುಗ್ಗಿ, ಷಡ್ಡಕನನ್ನು ಪಕ್ಕಕ್ಕೆ ತಳ್ಳಿ, ಸವೆದುಹೋದ ಬೇರಿಂಗೊಂದನ್ನು ಕೈಯಾರೆ ಬಿಚ್ಚಿ ತಂದ. ಬಾಳೆಕಾಯಿ ಸಿಪ್ಪೆಯಂತೆ ಪದರೆದ್ದಿತ್ತು ಅದು, ಒಳಗೆಲ್ಲ ಅದೇ ಹಳದಿ ಬಣ್ಣ. ಉಗುರಿನಲ್ಲಿ ಕೆರೆದ. ಇನ್ಸ್‌ಪೆಕ್ಟರನ ಅಂಗೈ ಮೇಲೆ ಅಂಥದೇ ಚೂರು ಉದುರಿತು. ಅವನ ಮುಖ, ಬಡ್ತಿ ಕೈತಪ್ಪಿದವನ ಮುಖದ ಹಾಗೆ, ಇಷ್ಟಗಲ ಇದ್ದದ್ದು ಇಷ್ಟಾಯಿತು.

"ಥೂ! ಇದಕ್ಕೋಸ್ಕರ ಊಟ ಬಿಟ್ಟು ಬಂದ್ನಲ್ಲ!" ಜೀಪು ಬಂದ ದಾರಿಯಲ್ಲೇ ಹೋಯಿತು. ಮೇಷ್ಟ್ರು ಅವಸರದ ಕೆಲಸ ನೆನಪಾಗಿ ಮನೆಗೆ ಹೋದರು.

ಷಡ್ಡಕ ಮೈಗಂಟಿದ ಎಣ್ಣೆಯನ್ನು ಬನಿಯನ್ನಿಗೇ ಒರೆಸಿಕೊಂಡು ಎದ್ದು ನಿಂತ. ಮೆತ್ತಗೆ ಬ್ರೇಕಣ್ಣನ ಜೇಬಿಗೆ ಕೈಹಾಕಿ ತನ್ನ ಕೀಲಿ ತೆಗೆದುಕೊಂಡ.

"ಬೆಳಿಗ್ಗೆಯಿಂದ ಗೊತ್ತಿತ್ತಾ ತಮ್ಮಾ? ಗೊತ್ತಿದ್ದೂ ಸ್ವಂತ ನೆಂಟನಿಗೇ ಕೊಟ್ಯಾ? ಎಂಥಾ ಮನುಷ್ಯನೋ ನೀನು!"

"ನೀವು ನನಗೆ ಮಾರಿದಾಗ..." ಅನ್ನುವಷ್ಟರಲ್ಲಿ ಹೊಸ ಲಾರಿ ಹೊರಟುಹೋಗಿತ್ತು.

ಬೀದಿಯಲ್ಲಿ ಉಳಿದದ್ದು ಹೊಟ್ಟೆ ಬಗೆದ ಹಳೆಯ ಲಾರಿ, ಮತ್ತು ಅದರ ಸುತ್ತ ದಿಕ್ಕಾಪಾಲಾಗಿ ಬಿದ್ದ ಬೋಲ್ಟುಗಳು. ನಾಳೆಯ ಲೋಡು ಹೋಯಿತು, ನಾಡಿದ್ದಿನದೂ ಹೋಯಿತು. ಬ್ರೇಕಣ್ಣ ಒಂದೊಂದೇ ಬೋಲ್ಟು ಆರಿಸತೊಡಗಿದ. ಟೈಲರ್ ಪಕ್ಕದಲ್ಲಿ ಕುಕ್ಕರಿಸಿ, ಕಣ್ಣು ಮಿಟುಕಿಸಿ, ಪಿಸುಗುಟ್ಟಿದ:

"ಎಂಥಾ ಆ್ಯಕ್ಟಿಂಗು ಬ್ರೇಕಣ್ಣಾ! ಪೊಲೀಸರನ್ನೂ ಕಳಿಸಿದೆ, ಷಡ್ಡಕನ್ನೂ ಕಳಿಸಿದೆ. ನಾನು ಯಾರಿಗೂ ಹೇಳಲ್ಲ ಬಿಡು."

ಬ್ರೇಕಣ್ಣನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಸ್ಪ್ಯಾನರ್ ಅಲ್ಲೇ ಎಸೆದು ಮನೆಯೊಳಗೆ ಹೋದ. ಇಡೀ ಲೋಕದಲ್ಲಿ ತನ್ನ ಸಂಕಟ ಅರ್ಥವಾಗುವ ಜೀವ ಅಂತಿದ್ದರೆ ಅದು ಹೆಂಡತಿ ಮಾತ್ರ.

ಅವಳು ಬಾಗಿಲು ಹಾಕಿದಳು. ಚಿಲಕ ಏರಿಸಿದಳು. ಕಿಟಕಿಯ ಪರದೆ ಎಳೆದಳು. ಮದುವೆಯಾದ ಹೊಸತರಲ್ಲಿ ಬಿಟ್ಟರೆ ಮತ್ತೆಂದೂ ಕೇಳದಿದ್ದ ದನಿಯಲ್ಲಿ, "ಕೈಕಾಲು ತೊಳ್ಕೊಳ್ರೀ, ಪಾಪ, ಎಷ್ಟು ಸುಸ್ತಾಗಿದೀರಿ" ಅಂದಳು. ಬ್ರೇಕಣ್ಣ ಗೋಡೆಗೊರಗಿ ಕೂತ.

"ಬೇರಿಂಗ್ ಹೋಯ್ತು ಕಣೇ. ಇಂಜಿನ್ನೂ ಹೋಯ್ತು. ಎಲ್ಲಾ ಹೋಯ್ತು."

"ಹೂಂರೀ, ಹೋಯ್ತು. ಯಾರೇ ಕೇಳಿದ್ರೂ ಹಾಗೇ ಹೇಳೋಣ. ಈಗಷ್ಟೇ ಅಕ್ಕನಿಗೂ ಫೋನ್ ಮಾಡಿ ಹಾಗೇ ಹೇಳಿದೀನಿ" ಅಂದವಳು ಎರಡೂ ಕೈಗಳನ್ನು ಅವನ ಮುಂದೆ ಚಾಚಿದಳು. "ಈಗ ನಾವಿಬ್ಬರೇ ಇದೀವಿ. ನನಗೆ ಜಾಸ್ತಿ ಏನೂ ಬೇಡ. ಎರಡು ಬಳೆಗಾಗುವಷ್ಟು ತೆಗೆದಿಡಿ, ಸಾಕು."